ಉಗ್ಗುವ ಮಕ್ಕಳು: ಶಾಲೆಯಲ್ಲಿ, ಮನೆಯಲ್ಲಿ

ಪ್ರಾಥಮಿಕ ಶಾಲೆಯ ಮಕ್ಕಳ ಉಗ್ಗಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇನೆ. ಮಕ್ಕಳ ಗುರುತು ಹೊರಬೀಳಬಾರದೆಂದು ಬರೆದವರ ಹೆಸರುಗಳನ್ನು ಬಿಟ್ಟಿದೆ.

ಪ್ರಶ್ನೆ: ನನ್ನ ಮಗ ಸರ್ಕಾರಿ ಶಾಲೆಯಲ್ಲಿ 4ನೇ ತರಗತಿ ಓದುತ್ತಿದ್ದಾನೆ. ಚಿಕ್ಕಂದಿನಿಂದಲೂ ಮಾತು ತಡೆಯುತ್ತದೆ. ನಲಿಕಲಿಯಲ್ಲಿದ್ದಾಗ ಅವನು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಈ ವರ್ಷ ಒಬ್ಬೊಬ್ಬರಾಗಿ ಎದ್ದು ನಿಂತು ಪಾಠ ಓದಬೇಕಾಗಿ ಬಂದ ಮೇಲೆ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ. ಅಂಗಡಿಗೆ ಕಳಿಸಿದರೆ ತಂಗಿಯನ್ನು ಕರೆದುಕೊಂಡು ಹೋಗಿ ಅವಳ ಬಾಯಿಂದಲೇ ಕೇಳಿಸುತ್ತಾನೆ. ಆದರೆ ಹಾಡುವಾಗ, ಎಲ್ಲರೊಂದಿಗೆ ಮಗ್ಗಿ ಹೇಳುವಾಗ ಒಂದು ಸಲವೂ ತಡೆಯುವುದಿಲ್ಲ. ಹಾಗಾಗಿ ಇವನು ಬೇಕೆಂದೇ ಹೀಗೆ ಮಾಡುತ್ತಾನೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಸಣ್ಣವನಿದ್ದಾಗ ನಾನು ಗದರಿದ್ದು ಇದಕ್ಕೆ ಕಾರಣವೇ? ಇದು ಪೂರ್ತಿ ವಾಸಿಯಾಗುತ್ತದೆಯೇ?
— ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ನೀವು ಗದರಿದ್ದರಿಂದ ಮಗನಿಗೆ ಉಗ್ಗು ಬಂದಿಲ್ಲ, ಅವನು ಬೇಕೆಂದು ಉಗ್ಗುತ್ತಲೂ ಇಲ್ಲ. ಈ ಎರಡು ಮಾತನ್ನು ಮನೆಯ ಹಿರಿಯರಿಗೂ ಓದಿ ಹೇಳಿ. ಮಾತಾಡುವಾಗ ಉಸಿರು, ಗಂಟಲು, ನಾಲಗೆ, ತುಟಿ ಇವೆಲ್ಲ ಒಂದರ ಹಿಂದೊಂದು ಸರಿಯಾದ ಕ್ಷಣಕ್ಕೆ ಚಲಿಸಬೇಕು. ಆ ಚಲನೆಗಳಿಗೆ ಸೂಚನೆ ಕೊಡುವ ಮೆದುಳಿನ ಜಾಲ ಉಗ್ಗುವವರಲ್ಲಿ ಸ್ವಲ್ಪ ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಇದು ಅನೇಕ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು ನೀವೂ ನೋಡಿರಬಹುದು. 2010ರಲ್ಲಿ ಅಮೆರಿಕದ ಸಂಶೋಧಕರು ಪಾಕಿಸ್ತಾನದ ಕೆಲವು ಕುಟುಂಬಗಳ ಅಧ್ಯಯನದಿಂದ ಆರಂಭಿಸಿ, ಉಗ್ಗಿಗೆ ಸಂಬಂಧಪಟ್ಟ ಮೂರು ಜೀನ್‌ಗಳಲ್ಲಿ ಬದಲಾವಣೆಗಳನ್ನು ಗುರುತಿಸಿದರು. ಭಯ, ಆತುರ, ಆಯಾಸ ಇವು ಇರುವ ಉಗ್ಗನ್ನು ಆ ಹೊತ್ತಿಗೆ ಹೆಚ್ಚಿಸುತ್ತವೆಯೇ ಹೊರತು ಹುಟ್ಟಿಸುವುದಿಲ್ಲ.

ಹಾಡುವಾಗ ಮಾತು ಸರಾಗವಾಗುವುದು ಉಗ್ಗುವವರಲ್ಲಿ ಬಹುಮಟ್ಟಿಗೆ ಎಲ್ಲರಲ್ಲೂ ಕಾಣುವ ಲಕ್ಷಣ. ಹಾಡಿನಲ್ಲಿ ತಾಳ ಮೊದಲೇ ಗೊತ್ತಿರುತ್ತದೆ, ಸ್ವರ ಎಳೆದು ಬರುತ್ತದೆ, ಯಾವ ಪದ ಹೇಳಬೇಕೆಂದು ಆ ಕ್ಷಣಕ್ಕೆ ಹುಡುಕಬೇಕಾಗಿಲ್ಲ. ತರಗತಿಯವರೆಲ್ಲ ಒಟ್ಟಿಗೆ ಮಗ್ಗಿ ಹೇಳುವಾಗಲೂ ಪಕ್ಕದವರ ದನಿಯೇ ಅವನಿಗೆ ವೇಳೆಯನ್ನು ಹಿಡಿದುಕೊಡುತ್ತದೆ. ಒಬ್ಬನೇ ಎದ್ದು ನಿಂತಾಗ ಆ ಆಸರೆ ಇರುವುದಿಲ್ಲ. ಆದ್ದರಿಂದ ಹಾಡುವ ಮಗು ಮಾತಿನಲ್ಲಿ ನಟಿಸುತ್ತಿದೆ ಎಂದು ತೀರ್ಮಾನಿಸುವುದು ಅನ್ಯಾಯ.

ವಾಸಿಯಾಗುವ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ನೂರು ಮಕ್ಕಳಲ್ಲಿ ಸುಮಾರು 5 ಮಂದಿ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ; ಹೆಚ್ಚಿನವರಲ್ಲಿ ಅದು 2ರಿಂದ 5 ವರ್ಷದ ನಡುವೆ ಕಾಣಿಸಿಕೊಂಡು, ಐವರಲ್ಲಿ ಸುಮಾರು ನಾಲ್ವರಲ್ಲಿ ಕೆಲವು ವರ್ಷಗಳೊಳಗೆ ತಾನಾಗಿಯೇ ಹೋಗುತ್ತದೆ. ಒಂಬತ್ತು ವರ್ಷದವರೆಗೂ ಉಳಿದಿರುವ ಉಗ್ಗು ಪೂರ್ತಿ ಮಾಯವಾಗುವ ಸಾಧ್ಯತೆ ಅಷ್ಟಿಲ್ಲ. ಹಾಗೆಂದು ಚಿಕಿತ್ಸೆ ವ್ಯರ್ಥವಲ್ಲ. ಪದವನ್ನು ಮೃದುವಾಗಿ ಆರಂಭಿಸುವುದು, ತುಟಿ-ನಾಲಗೆಯನ್ನು ಹಗುರವಾಗಿ ಮುಟ್ಟಿಸುವುದು, ಸಿಕ್ಕಿಹಾಕಿಕೊಂಡ ಅಕ್ಷರದಿಂದ ಒದ್ದಾಡದೆ ನಿಧಾನವಾಗಿ ಜಾರಿಕೊಂಡು ಹೊರಬರುವುದು, ಇವನ್ನೆಲ್ಲ ವಾಕ್ ಚಿಕಿತ್ಸಕರು ಕಲಿಸಿಕೊಡುತ್ತಾರೆ. ಮಗು ಬಹಳ ಸುಲಭವಾಗಿ ಮಾತಾಡುವಂತಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅಂಗಡಿಯ ಸಂಗತಿ. ಅವನು ಮಾತನ್ನು ತಂಗಿಗೆ ಒಪ್ಪಿಸಲು ಆರಂಭಿಸಿದ್ದಾನೆ. ಇನ್ನು ಸ್ವಲ್ಪ ದಿನಕ್ಕೆ ಅವನು ಪದಗಳನ್ನೂ ಬದಲಿಸತೊಡಗಬಹುದು: ಬೆಲ್ಲ ಬೇಕಿದ್ದರೂ "ಬೆ" ಬಾರದೆಂಬ ಭಯಕ್ಕೆ ಸಕ್ಕರೆ ಕೇಳಿ ತರುವ, ಉತ್ತರ ಗೊತ್ತಿದ್ದೂ ಗೊತ್ತಿಲ್ಲವೆಂದು ಕೂತುಬಿಡುವ ಮಕ್ಕಳನ್ನು ನಾನು ನೋಡಿದ್ದೇನೆ. ಹೊರಗಿನವರಿಗೆ ಆಗ ಉಗ್ಗು ಕಡಿಮೆಯಾದಂತೆ ಕಾಣುತ್ತದೆ, ಮನೆಯವರು ಸಮಾಧಾನಪಡುತ್ತಾರೆ. ನಿಜವಾಗಿ ಕಡಿಮೆಯಾಗಿರುವುದು ಮಗುವಿನ ಮಾತು. ಆದ್ದರಿಂದ ನೀವು ಲೆಕ್ಕ ಇಡಬೇಕಾದದ್ದು ಅವನು ಇವತ್ತು ಎಷ್ಟು ಸಲ ತಡೆದ ಎಂಬುದನ್ನಲ್ಲ, ತನಗೆ ಹೇಳಬೇಕೆನಿಸಿದ್ದನ್ನು ಎಷ್ಟು ಸಲ ಹೇಳಿದ ಎಂಬುದನ್ನು.

ಮನೆಯಲ್ಲಿ ದಿನಕ್ಕೆ ಐದು-ಹತ್ತು ನಿಮಿಷ ಅವನೊಬ್ಬನಿಗೇ ಮೀಸಲಿಡಿ. ಟಿ.ವಿ., ಮೊಬೈಲು ಬದಿಗಿಟ್ಟು, ಅವನು ಏನು ಹೇಳುತ್ತಾನೋ ಅದನ್ನು ಮುಖ ನೋಡುತ್ತಾ ಕೇಳಿ. "ನಿಧಾನವಾಗಿ ಹೇಳು", "ಉಸಿರೆಳೆದುಕೊಂಡು ಹೇಳು", "ಯೋಚಿಸಿ ಹೇಳು" ಎಂಬ ಸಲಹೆಗಳನ್ನು ಬಿಟ್ಟುಬಿಡಿ. ಅವು ಪ್ರೀತಿಯಿಂದಲೇ ಬರುತ್ತವೆ, ಆದರೆ ನೀನು ತಪ್ಪಾಗಿ ಮಾತಾಡುತ್ತಿದ್ದೀಯ ಎಂಬ ಒಂದೇ ಅರ್ಥ ಮಗುವಿಗೆ ತಲುಪುತ್ತದೆ. ಬದಲಿಗೆ ನಿಮ್ಮ ಮಾತಿನ ವೇಗವನ್ನು ಇಳಿಸಿ, ಅವನು ಮುಗಿಸಿದ ಮೇಲೆ ಒಂದು ಕ್ಷಣ ತಡೆದು ಉತ್ತರಿಸಿ. ತಂಗಿ ನಡುವೆ ಬಾಯಿ ಹಾಕಿದರೆ "ಅಣ್ಣನದು ಮುಗಿಯಲಿ, ಆಮೇಲೆ ನಿನ್ನದು" ಎನ್ನಿ. ಅವಳಿಗೂ ಇದೇ ನಿಯಮ ಅನ್ವಯಿಸಬೇಕು.

ಉಗ್ಗಿನ ವಿಷಯವನ್ನು ಅವನ ಎದುರು ಎತ್ತಬಾರದೆಂದು ಅನೇಕರು ಭಾವಿಸುತ್ತಾರೆ. ನಾಲ್ಕನೇ ತರಗತಿಯ ಹುಡುಗನಿಗೆ ತನ್ನ ಮಾತು ತಡೆಯುವುದು ಚೆನ್ನಾಗಿ ಗೊತ್ತಿದೆ. ಮನೆಯಲ್ಲಿ ಯಾರೂ ಅದರ ಹೆಸರೆತ್ತದಿದ್ದರೆ ಅದು ನಾಚಿಕೆಪಡುವ ಸಂಗತಿ ಎಂದೇ ಅವನು ತಿಳಿಯುತ್ತಾನೆ. "ಈಗ ಆ ಪದ ಬರುವುದು ಕಷ್ಟವಾಯಿತು ಅಲ್ಲವೇ? ಪರವಾಗಿಲ್ಲ, ನನಗೆ ಅವಸರವಿಲ್ಲ" ಎಂದು ಸಹಜವಾಗಿ ಹೇಳಿ. ಹೊಟ್ಟೆನೋವಿನ ದಿನ ಗದರದೆ, ಅಂದು ಶಾಲೆಯಲ್ಲಿ ಯಾವ ಓದು ಇದೆ ಎಂದು ಕೇಳಿ ನೋಡಿ. ಆ ವಾರದಲ್ಲೇ ಶಿಕ್ಷಕರನ್ನು ಭೇಟಿ ಮಾಡಿ. ಅವರಿಗೆ ಏನು ಹೇಳಬೇಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. 5ನೇ ತರಗತಿಯ ಒಬ್ಬ ಬಾಲಕಿ ಬಹಳ ಉಗ್ಗುತ್ತಾಳೆ; ಹಾಜರಿ ಕರೆದಾಗಲೂ ಉತ್ತರ ಬಾಯಿಂದ ಹೊರಡಲು ಹೊತ್ತು ಹಿಡಿಯುತ್ತದೆ. ಕೆಲವು ಹುಡುಗರು ಅವಳನ್ನು ಅಣಕಿಸುತ್ತಾರೆ. ಅವಳಿಗೆ ಮುಜುಗರವಾಗಬಾರದೆಂದು ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಅಂಕ ಕೊಡುವುದು ಹೇಗೆಂದೂ ತಿಳಿಯುತ್ತಿಲ್ಲ. ನಾನು ಮಾಡುತ್ತಿರುವುದು ಸರಿಯೇ?
— ಒಬ್ಬ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಕಾಳಜಿ ದೊಡ್ಡದು. ಆದರೆ ಓದಿಸುವುದನ್ನು ನಿಲ್ಲಿಸುವ ಮೊದಲು ಅವಳನ್ನೊಮ್ಮೆ ಕೇಳಿದ್ದರೆ ಚೆನ್ನಾಗಿತ್ತು. ಕೇಳದೆ ಕೊಟ್ಟ ವಿನಾಯಿತಿಯನ್ನು ಮಗು "ನನ್ನಿಂದ ಆಗದೆಂದು ಸರ್‌ಗೂ ಅನಿಸಿದೆ" ಎಂದು ಓದಿಕೊಳ್ಳುವ ಸಾಧ್ಯತೆ ಹೆಚ್ಚು. ಈಗಲೂ ತಡವಾಗಿಲ್ಲ. ಬಿಡುವಿನ ವೇಳೆಯಲ್ಲಿ, ಬೇರೆ ಮಕ್ಕಳು ಸುತ್ತ ಇಲ್ಲದಾಗ, ಅವಳನ್ನು ಮಾತಾಡಿಸಿ: ಓದುವುದು ಇಷ್ಟವೇ, ಎಲ್ಲಿ ಕಷ್ಟವಾಗುತ್ತದೆ, ನಾನು ಏನು ಮಾಡಿದರೆ ಅನುಕೂಲ, ಏನು ಮಾಡಬಾರದು. ಐದನೇ ತರಗತಿಯ ಮಕ್ಕಳು ಈ ಪ್ರಶ್ನೆಗಳಿಗೆ ಬಹಳ ಸ್ಪಷ್ಟವಾಗಿ ಉತ್ತರಿಸುತ್ತಾರೆ. ದೊಡ್ಡವರು ಕೇಳುವುದೇ ಅಪರೂಪ.

ಹಾಜರಿಯ ವಿಷಯವನ್ನು ನೀವು ಗಮನಿಸಿದ್ದು ನನಗೆ ಸಂತೋಷ ತಂದಿದೆ, ಏಕೆಂದರೆ ಉಗ್ಗುವ ಮಗುವಿಗೆ ಇಡೀ ದಿನದಲ್ಲಿ ಅತ್ಯಂತ ಕಠಿಣವಾದ ಘಳಿಗೆ ಬಹುತೇಕ ಅದೇ ಆಗಿರುತ್ತದೆ. ಅಲ್ಲಿ ಹೇಳಬೇಕಾದ ಪದ ಒಂದೇ, ಅದನ್ನು ಬದಲಿಸುವಂತಿಲ್ಲ. ತನ್ನ ಸರದಿ ಒಂದೊಂದೇ ಹೆಸರಾಗಿ ಹತ್ತಿರ ಬರುವುದನ್ನು ಅವಳು ಕೇಳಿಸಿಕೊಳ್ಳುತ್ತಾ ಕೂರಬೇಕು. ಅಷ್ಟರಲ್ಲಿ ಗಂಟಲು ಬಿಗಿದಿರುತ್ತದೆ, ಕಣ್ಣು ಮುಚ್ಚಿ ತೊಡೆಗೆ ಕೈ ಬಡಿದು ಆ ಒಂದು ಪದವನ್ನು ಹೊರದೂಡಲು ಯತ್ನಿಸುವ ಮಕ್ಕಳಿದ್ದಾರೆ. ಇದಕ್ಕೆ ದಾರಿ ಬಹಳ ಸುಲಭ. ಇಡೀ ತರಗತಿಗೇ ಪದ್ಧತಿ ಬದಲಿಸಿ. ಕೆಲವು ದಿನ ಕೈ ಎತ್ತಿದರೆ ಸಾಕೆನ್ನಿ, ಕೆಲವು ದಿನ ಹಾಜರಿಗೆ ಉತ್ತರವಾಗಿ ಯಾರು ಬೇಕಾದರೂ ತಮಗಿಷ್ಟವಾದ ಒಂದು ಹಣ್ಣಿನ ಹೆಸರು ಹೇಳಲಿ. ಅವಳೊಬ್ಬಳಿಗೆ ಮಾತ್ರ ಬೇರೆ ನಿಯಮ ಮಾಡಬೇಡಿ.

ಗಟ್ಟಿ ಓದನ್ನು ಹಂತಹಂತವಾಗಿ ಮರಳಿ ತನ್ನಿ. ಜೋಡಿ ಓದಿನಿಂದ ಆರಂಭಿಸಬಹುದು: ಇಬ್ಬರು ಮಕ್ಕಳು ಒಂದೇ ವಾಕ್ಯವೃಂದವನ್ನು ಒಟ್ಟಿಗೆ ದನಿಗೂಡಿಸಿ ಓದಿದರೆ ಅವಳಿಗೆ ಉಗ್ಗು ಬಹುತೇಕ ಬರುವುದಿಲ್ಲ. ಇಡೀ ತರಗತಿಯೂ ಒಮ್ಮೊಮ್ಮೆ ಜೋಡಿಯಲ್ಲೇ ಓದಲಿ. ಆಮೇಲೆ ನಾಲ್ಕೈದು ಮಂದಿಯ ಗುಂಪಿನಲ್ಲಿ ಅವಳೊಬ್ಬಳೇ, ಅದಾದ ಮೇಲೆ ಅವಳು ಒಪ್ಪಿದ ದಿನ ತರಗತಿಯ ಮುಂದೆ. ಸಾಲಿನ ಪ್ರಕಾರ ಓದಿಸುವುದಕ್ಕಿಂತ, ಯಾವ ಭಾಗ ಓದಬೇಕೆಂದು ಹಿಂದಿನ ದಿನವೇ ತಿಳಿಸಿ ಮೊದಲ ಸರದಿಗಳಲ್ಲೇ ಅವಳನ್ನು ಕರೆಯುವುದು ಒಳ್ಳೆಯದು; ಕಾಯುತ್ತಾ ಕೂರುವ ಸಂಕಟ ತಪ್ಪುತ್ತದೆ. ಅವಳು ತಡೆದಾಗ ಪದವನ್ನು ನೀವು ಪೂರ್ತಿ ಮಾಡಬೇಡಿ, ಮುಂದಿನವರಿಗೆ ಸರದಿ ದಾಟಿಸಬೇಡಿ, ಗಡಿಯಾರ ನೋಡಬೇಡಿ, ಮುಖವನ್ನು ಬೇರೆಡೆ ತಿರುಗಿಸಬೇಡಿ. ಓದಿ ಮುಗಿಸಿದ ಮೇಲೆ "ತಡೆಯದೆ ಓದಿದೆ, ಭೇಷ್" ಎನ್ನುವುದೂ ಬೇಡ; ಹಾಗೆ ಹೊಗಳಿದರೆ ತಡೆದು ಓದಿದ ದಿನ ಅವಳು ಸೋತವಳಾಗುತ್ತಾಳೆ. ಓದಿದ್ದರಲ್ಲಿ ಏನಿತ್ತು ಎಂಬುದರ ಬಗ್ಗೆ ಮಾತಾಡಿ, ಎಲ್ಲ ಮಕ್ಕಳೊಂದಿಗೆ ಮಾತಾಡುವಂತೆಯೇ.

ಅಣಕವನ್ನು ಮಾತ್ರ ಒಂದು ದಿನವೂ ಸಹಿಸಬೇಡಿ. ಅಣಕಿಸಿದ ಹುಡುಗರನ್ನು ತರಗತಿಯ ಮುಂದೆ ನಿಲ್ಲಿಸಿ ಬೈದರೆ ಅವರ ಸಿಟ್ಟು ಮತ್ತೆ ಆ ಬಾಲಕಿಯ ಮೇಲೆಯೇ ಮೈದಾನದಲ್ಲಿ ತಿರುಗುತ್ತದೆ. ಪ್ರತ್ಯೇಕವಾಗಿ ಕರೆದು, ಇದು ಈ ತರಗತಿಯಲ್ಲಿ ನಡೆಯುವುದಿಲ್ಲ ಎಂದು ದೃಢವಾಗಿ ಹೇಳಿ, ಮುಂದಿನ ದಿನಗಳಲ್ಲಿ ಗಮನವಿಡಿ. ಅವಳ ಮತ್ತು ತಂದೆತಾಯಿಯ ಒಪ್ಪಿಗೆ ಇದ್ದರೆ, ಉಗ್ಗು ಎಂದರೇನು, ಅದು ಅಂಟುರೋಗವಲ್ಲ, ದಡ್ಡತನವಲ್ಲ, ಯಾರಾದರೂ ಉಗ್ಗುವಾಗ ಕೇಳುವವರು ಏನು ಮಾಡಬೇಕು ಎಂದು ಇಡೀ ತರಗತಿಗೆ ಒಂದು ಅವಧಿ ಪಾಠ ಮಾಡಿ. ಉಗ್ಗಿದ್ದಕ್ಕಾಗಿ ಶಿಕ್ಷಕರೇ ಗದರುವ, ಅನುಕರಿಸಿ ತೋರಿಸುವ, ನಿಲ್ಲಿಸಿಬಿಡುವ ಶಾಲೆಗಳು ಇಂದಿಗೂ ಇವೆ ಎಂಬುದು ನನಗೆ ಬರುವ ಪತ್ರಗಳಿಂದ ತಿಳಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ಸಹೋದ್ಯೋಗಿಗಳ ಗಮನಕ್ಕೆ ತನ್ನಿ.

ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಏನು ಗೊತ್ತಿದೆ ಎಂಬುದಕ್ಕೆ ಅಂಕ ಕೊಡಿ, ಎಷ್ಟು ಬೇಗ ಹೇಳಿದಳು ಎಂಬುದಕ್ಕಲ್ಲ. ಬೇಕಾದಷ್ಟು ಸಮಯ ಕೊಡಿ, ಒಬ್ಬಳನ್ನೇ ಕೂರಿಸಿ ಕೇಳಬಹುದು, ಅವಳೇ ಬಯಸಿದರೆ ಕೆಲವು ಉತ್ತರಗಳನ್ನು ಬರೆದು ತೋರಿಸಲಿ. ನಿರರ್ಗಳ ಓದಿಗೆ ಅಂಕವಿರುವ ಕಡೆ ಉಗ್ಗಿನಿಂದಾದ ತಡೆಯನ್ನು ಓದಲು ಬಾರದ ತಡೆಯೊಂದಿಗೆ ಬೆರೆಸಬೇಡಿ. ಅಕ್ಷರ ಗುರುತಿಸಲಾಗದ ಮಗು ಪದದ ಮೇಲೆ ಬೆರಳಿಟ್ಟು ಹುಡುಕುತ್ತದೆ, ಉಗ್ಗುವ ಮಗುವಿಗೆ ಪದ ಗೊತ್ತಿರುತ್ತದೆ, ಬಾಯಿ ಮಾತ್ರ ಸಿಕ್ಕಿಕೊಂಡಿರುತ್ತದೆ. ಎರಡು ವಾರ ಗಮನಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಪ್ರಶ್ನೆ: ಏಳು ವರ್ಷದ ಮೊಮ್ಮಗನಿಗೆ ಮಾತು ಸರಿಹೋಗಲೆಂದು ಬಜೆ ತೇಯ್ದು ನಾಲಗೆಗೆ ಸವರುತ್ತಿದ್ದೇವೆ. ನಾಲಗೆಯ ಕೆಳಗಿನ ನರ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಬಾಯಲ್ಲಿ ಸಣ್ಣ ಕಲ್ಲಿಟ್ಟು ಓದಿಸಬೇಕೆಂದು ಇನ್ನೊಬ್ಬರು. ಯಾವುದು ಉಪಯುಕ್ತ?
— ಒಬ್ಬ ಅಜ್ಜ, ಶಿರಸಿ

ಉತ್ತರ: ಹಿರಿಯರೇ, ಮೂರನ್ನೂ ದಯವಿಟ್ಟು ಬಿಡಿ. ಉಗ್ಗು ನಾಲಗೆಯ ದೋಷವಲ್ಲ. ನಾಲಗೆ ದಪ್ಪವಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಡುವಾಗ ಅದೇ ನಾಲಗೆ ಎಲ್ಲ ಅಕ್ಷರಗಳನ್ನೂ ನುಡಿಯುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿದ್ದರೆ ಕೆಲವು ಮಕ್ಕಳಿಗೆ ಎದೆಹಾಲು ಕುಡಿಯುವುದು ಅಥವಾ ಕೆಲವು ಅಕ್ಷರಗಳ ಉಚ್ಚಾರ ಕಷ್ಟವಾಗಬಹುದು, ಅದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ. ಉಗ್ಗಿಗಾಗಿ ಅದನ್ನು ಕತ್ತರಿಸುವುದು ಮಗುವಿಗೆ ಕೊಡುವ ವೃಥಾ ನೋವು. ಬಜೆ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ, ನೀವು ಅದನ್ನು ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ಸವರಿದ್ದೀರಿ ಎಂಬುದೂ ನನಗೆ ಗೊತ್ತು. ಆದರೆ ಅದರಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರವೆಂದು ಕಂಡುಬಂದುದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಕಲ್ಲು ಗಂಟಲಿಗೆ ಇಳಿದರೆ ಉಸಿರೇ ಕಟ್ಟುತ್ತದೆ. ಉಗ್ಗನ್ನು ಹೋಗಲಾಡಿಸುವ ಮಾತ್ರೆಯೂ ಇಂದಿನವರೆಗೆ ಇಲ್ಲ.

ಮೊಮ್ಮಗನಿಗೆ ನಿಮ್ಮಿಂದ ಆಗಬಹುದಾದ ಉಪಕಾರ ಬೇರೆಯೇ ಇದೆ. ಮನೆಯಲ್ಲಿ ಅವಸರವಿಲ್ಲದೆ ಕೇಳಲು ಸಮಯವಿರುವುದು ನಿಮಗೆ. ಸಂಜೆ ಅವನ ಕೈಯಲ್ಲಿ ಶಾಲೆಯ ಸುದ್ದಿ ಹೇಳಿಸಿ, ತಡೆದಾಗ ಕಾಯಿರಿ.

ಪ್ರಶ್ನೆ: ಮೂರೂವರೆ ವರ್ಷದ ಮಗಳು ಎರಡು ತಿಂಗಳಿಂದ "ನಾ-ನಾ-ನಾನು" ಎಂದು ತಡೆದು ಮಾತಾಡುತ್ತಾಳೆ. ಮನೆಯಲ್ಲಿ ಕನ್ನಡ, ಅಜ್ಜಿಯೊಂದಿಗೆ ತೆಲುಗು, ನರ್ಸರಿಯಲ್ಲಿ ಇಂಗ್ಲಿಷ್. ಭಾಷೆ ಹೆಚ್ಚಾದದ್ದೇ ಕಾರಣವೇ? ಒಂದನೇ ತರಗತಿಯವರೆಗೆ ಕಾಯಬಹುದೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಹೆಚ್ಚು ಭಾಷೆ ಕಲಿಯುವುದರಿಂದ ಉಗ್ಗು ಬರುವುದಿಲ್ಲ, ಅಜ್ಜಿಯ ತೆಲುಗನ್ನು ನಿಲ್ಲಿಸಬೇಡಿ. ಈ ವಯಸ್ಸಿನ ತಡೆ ತಾನಾಗಿ ಹೋಗುವ ಸಾಧ್ಯತೆ ಹೆಚ್ಚಿದ್ದರೂ ಶಾಲೆಗೆ ಸೇರುವವರೆಗೆ ಸುಮ್ಮನೆ ಕಾಯುವುದು ಸರಿಯಲ್ಲ. ಆರು ತಿಂಗಳು ದಾಟಿದರೆ, ಮನೆತನದಲ್ಲಿ ಯಾರಿಗಾದರೂ ಉಗ್ಗು ಉಳಿದಿದ್ದರೆ, ತಡೆಯುವಾಗ ಮುಖ-ಕುತ್ತಿಗೆ ಬಿಗಿಯುತ್ತಿದ್ದರೆ ಅಥವಾ ಮಗಳೇ "ನನಗೆ ಹೇಳೋಕೆ ಆಗ್ತಿಲ್ಲ" ಎಂದು ಬೇಸರಪಟ್ಟರೆ ಕೂಡಲೇ ವಾಕ್ ಚಿಕಿತ್ಸಕರಿಗೆ ತೋರಿಸಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕಂಬ್ ಎಂಬ ಕ್ರಮವನ್ನು ಆರು ವರ್ಷದೊಳಗಿನ ಮಕ್ಕಳಿಗೆ ಹಲವು ದೇಶಗಳಲ್ಲಿ ಬಳಸುತ್ತಾರೆ. ಅದರಲ್ಲಿ ಚಿಕಿತ್ಸಕರ ಮಾರ್ಗದರ್ಶನದಂತೆ ತಂದೆತಾಯಿಯೇ ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸುತ್ತಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಫಿಟ್ಸ್ ಬಂದ ಮೇಲೆ ಮಾತು ಹಠಾತ್ತನೆ ತಡೆಯತೊಡಗಿದರೆ ಅದು ಬೇರೆ ವಿಷಯ, ಅದೇ ದಿನ ವೈದ್ಯರ ಬಳಿ ಹೋಗಿ.

ಪ್ರಶ್ನೆ: ನಮ್ಮ ಊರಿನಲ್ಲಿ ಉಗ್ಗಿಗೆ ಚಿಕಿತ್ಸೆ ಕೊಡುವವರಿಲ್ಲ. ಹದಿನೈದು ದಿನದಲ್ಲಿ ಗುಣಪಡಿಸುತ್ತೇವೆಂಬ ಜಾಹೀರಾತು ನೋಡಿದೆವು, ಕೇಳುವ ಹಣ ನಮ್ಮ ಕೈಗೆಟುಕದು. ಎಲ್ಲಿಗೆ ಹೋಗಬೇಕು?
— ಒಬ್ಬ ಪೋಷಕರು, ಹೊಸಪೇಟೆ

ಉತ್ತರ: ದಿನ ನಿಗದಿ ಮಾಡಿ ಗುಣಪಡಿಸುವ ಭರವಸೆ ಕೊಡುವವರಿಗೆ ಹಣ ಕೊಡಬೇಡಿ. ಒಂದು ಕೋಣೆಯೊಳಗೆ, ಎಳೆದೆಳೆದು ಮಾತಾಡಿಸಿ, ಕೆಲವು ದಿನ ಯಾರನ್ನೇ ಆದರೂ ಸರಾಗವಾಗಿ ಮಾತಾಡಿಸಬಹುದು. ಮಗು ಊರಿಗೆ ಮರಳಿ ತರಗತಿಯಲ್ಲಿ ನಿಂತಾಗ ಉಗ್ಗು ಮತ್ತೆ ಬರುತ್ತದೆ, ಈ ಸಲ ತಾನೇ ಕೆಡಿಸಿದೆ ಎಂಬ ಅಪರಾಧಿ ಭಾವವೂ ಅದಕ್ಕೆ ಸೇರಿಕೊಳ್ಳುತ್ತದೆ. ಇದು ನನಗೆ ತೀರ ಸಂಕಟದ ಸಂಗತಿ, ಏಕೆಂದರೆ ಇಂಥಲ್ಲಿ ಸಾಲ ಮಾಡಿ ಹಣ ಕಟ್ಟುವವರು ಹೆಚ್ಚಾಗಿ ಬಡವರೇ.

ಮೊದಲು ಶಾಲೆಯಲ್ಲೇ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಅವರು ಬಂದ ದಿನ ಮಗುವಿನ ಮಾತಿನ ವಿಷಯವನ್ನು ಬಿಡದೆ ಹೇಳಿ, ಇಲ್ಲದಿದ್ದರೆ ಕಣ್ಣು, ಹಲ್ಲು, ತೂಕ ನೋಡುವುದರಲ್ಲೇ ಸಮಯ ಮುಗಿದುಹೋಗುತ್ತದೆ. ಆ ತಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಕಳಿಸಬಹುದು. ಅಲ್ಲಿ ವಾಕ್ ಚಿಕಿತ್ಸಕರು ಯಾವ ದಿನ ಇರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೊರಡಿ, ಕೂಲಿ ಬಿಟ್ಟು ಹೋಗಿ ಬರಿಗೈಯಲ್ಲಿ ಬರುವಂತಾಗಬಾರದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನೂ ಕಾಣಿ. ತರಗತಿಯಲ್ಲಿ ಆಗಬೇಕಾದ ಬದಲಾವಣೆಗಳ ಬಗ್ಗೆ ಶಾಲೆಯೊಂದಿಗೆ ಮಾತಾಡಲು ಅವರ ನೆರವು ಸಿಗುತ್ತದೆ.

ಒಮ್ಮೆಯಾದರೂ ಪೂರ್ಣ ಪರೀಕ್ಷೆ ಮಾಡಿಸಲು ಸಾಧ್ಯವಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಇದು ಕೇಂದ್ರ ಆರೋಗ್ಯ ಸಚಿವಾಲಯದಡಿಯ ಸಂಸ್ಥೆ. ಉಗ್ಗಿನ ಚಿಕಿತ್ಸೆಯಲ್ಲಿ ಹಲವು ದಶಕಗಳ ಅನುಭವವಿದೆ, ಕನ್ನಡದಲ್ಲೇ ಮಾತಾಡಿಸುತ್ತಾರೆ. ದೂರದ ಊರಿನವರೆಂದು ಹೇಳಿ, ಮುಂದಿನ ಅಭ್ಯಾಸವನ್ನು ವಿಡಿಯೋ ಕರೆಯ ಮೂಲಕ ಮುಂದುವರಿಸಬಹುದೇ ಎಂದು ಕೇಳಿ. ಖಾಸಗಿ ವಾಕ್ ಚಿಕಿತ್ಸಕರಿಗೆ ತೋರಿಸುವುದಾದರೆ ಅವರು, ಇಂಥ ಚಿಕಿತ್ಸಕರನ್ನು ನೋಂದಾಯಿಸುವ ರೀಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಾಯಿತರೇ ಎಂದು ವಿಚಾರಿಸಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಉಗ್ಗುವ ದೊಡ್ಡವರೇ ಸೇರಿ ನಡೆಸುವ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಎಂಬ ಸ್ವಸಹಾಯ ಬಳಗವೂ ಇದೆ. ಅದು ಚಿಕಿತ್ಸಾಲಯವಲ್ಲ, ಆದರೆ ಉಗ್ಗುತ್ತಲೇ ಉದ್ಯೋಗ, ಸಂಸಾರ, ಭಾಷಣ ಎಲ್ಲವನ್ನೂ ನಡೆಸುತ್ತಿರುವವರನ್ನು ನೋಡುವುದರಿಂದ ತಂದೆತಾಯಿಗೆ ಬರುವ ಧೈರ್ಯ ಸಣ್ಣದಲ್ಲ.

ಪ್ರಶ್ನೆ: ಉಗ್ಗುವ ನನ್ನ ಮಗಳು ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆಗೆ ಹೆಸರು ಕೊಡುತ್ತೇನೆ ಎನ್ನುತ್ತಾಳೆ. ಹಾಡಿಗೆ ಸೇರಿಸಿದರೆ ತೊಂದರೆಯಿಲ್ಲವೆಂದು ಶಾಲೆಯವರು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಸಾಗರ

ಉತ್ತರ: ಅವಳು ಕೇಳಿರುವುದು ಕಥೆ, ಕಥೆಗೇ ಸೇರಿಸಿ. ಕಥೆ ಹೇಳುವ ಆಸೆ ಇರುವ ಮಗುವನ್ನು ಉಗ್ಗು ಕೇಳಿಸಬಾರದೆಂಬ ಒಂದೇ ಕಾರಣಕ್ಕೆ ಹಾಡಿಗೆ ತಳ್ಳಬಾರದು. ಮೊದಲು ನಿಮಗೆ, ಆಮೇಲೆ ನೆಂಟರಿಷ್ಟರ ಮುಂದೆ, ಕೊನೆಗೆ ಶಾಲೆಯ ಅದೇ ವೇದಿಕೆಯಲ್ಲಿ ಮೈಕ್ ಹಿಡಿದು ಹೇಳಿ ಅಭ್ಯಾಸವಾಗಲಿ. ಬಾಯಿಪಾಠ ಒಂದಕ್ಷರ ತಪ್ಪಬಾರದೆಂದು ಒತ್ತಾಯಿಸಬೇಡಿ, ತನ್ನ ಮಾತಿನಲ್ಲೇ ಹೇಳಲಿ. ಅವಳಿಗೆ ಒಪ್ಪಿಗೆಯಾದರೆ ಆರಂಭದಲ್ಲೇ "ನನಗೆ ಕೆಲವು ಕಡೆ ಮಾತು ತಡೆಯುತ್ತದೆ, ಸ್ವಲ್ಪ ಕಾಯಿರಿ" ಎಂದು ತಾನೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಡುವ ಒತ್ತಡ ಹೋದರೆ ಎಷ್ಟೋ ಮಕ್ಕಳಿಗೆ ಮಾತು ಹಗುರವಾಗುತ್ತದೆ. ಸ್ಪರ್ಧೆಗೆ ಸಮಯದ ಮಿತಿ ಇರುವುದರಿಂದ ಹೆಚ್ಚುವರಿ ನಿಮಿಷಗಳಿಗಾಗಿ ಮುಖ್ಯ ಶಿಕ್ಷಕರ ಮೂಲಕ ಲಿಖಿತ ಮನವಿ ಕೊಡಿ, ಅದನ್ನು ಸ್ಪರ್ಧೆಯ ಬೆಳಿಗ್ಗೆ ಅಲ್ಲ, ಹೆಸರು ನೋಂದಾಯಿಸುವಾಗಲೇ ಕೊಡಿ. ತೀರ್ಪುಗಾರರಿಗೂ ವಿಷಯ ಮೊದಲೇ ತಿಳಿದಿರಲಿ.